ಒಳಗಿನಿಂದ ಚಿಲಕ ಬೀಳುವ ರೂಮು

ನಾನು ಓದಿದ್ದು ನಾಲ್ಕನೇ ಇಯತ್ತೆ. ಚಂದ ಮಾಡಿ ಹೇಳಲು ಬರುವುದಿಲ್ಲ, ಬಂದರೂ ಅದಕ್ಕೆ ಪುರಸೊತ್ತಿಲ್ಲ. ಮದುವೆಯಾದ ಹೊಸದರಲ್ಲಿ ನನಗೂ ನನ್ನ ಹೆಂಡತಿಗೂ ಒಳಗಿನಿಂದ ಚಿಲಕ ಹಾಕಿಕೊಳ್ಳುವಂಥ ಒಂದು ಬಾಗಿಲು ಬೇಕಾಗಿತ್ತು. ಒಂದು ದಿನದ ಮಟ್ಟಿಗೆ ಸಿಕ್ಕರೂ ಸಾಕಾಗಿತ್ತು. ಅದನ್ನು ಹುಡುಕಿಕೊಂಡು ಮುಂಬಯಿ ಅಲೆದ ಶನಿವಾರ ನೆನಪಾದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಚೆಂಬೂರಿನ ಚಾಳಿನಲ್ಲಿ ನಮ್ಮದು ಒಂದು ಖೋಲಿ. ಅದರಲ್ಲಿ ಅಣ್ಣ, ವೈನಿ, ಅವರ ಇಬ್ಬರು ಮಕ್ಕಳು, ಊರಿಂದ ಬಂದಿದ್ದ ವೈನಿಯ ತಾಯಿ, ಮತ್ತೆ ನಾವಿಬ್ಬರು. ಬಾಗಿಲು ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಹಗಲು ಅದನ್ನು ಮುಚ್ಚಿದರೆ ಪಕ್ಕದ ಖೋಲಿಯವರು ಬಂದು, ಯಾರಿಗೆ ಆರಾಮಿಲ್ಲ ಎಂದು ಕೇಳುತ್ತಿದ್ದರು. ರಾತ್ರಿ ಅಣ್ಣ ಮತ್ತು ನಾನು ಗ್ಯಾಲರಿಯಲ್ಲಿ ಮಲಗುತ್ತಿದ್ದೆವು. ಜಾಗ ಸಾಲದೆ ನಮ್ಮ ಕಾಲು ಹೊಸ್ತಿಲ ಒಳಗೆ ಇರುತ್ತಿದ್ದವು. ಹೀಗಾಗಿ ರಾತ್ರಿಯೂ ಬಾಗಿಲು ಮುಚ್ಚುತ್ತಿರಲಿಲ್ಲ.

ಹಿರಿಯರ ಎದುರಿಗೆ ಹೊಸ ಸೊಸೆ ಗಂಡನ ಜೊತೆ ಮಾತಾಡುವ ರೂಢಿ ನಮ್ಮಲ್ಲಿಲ್ಲ. ನಾನು ಊಟಕ್ಕೆ ಕೂತರೆ ಹೆಂಡತಿ ಅಣ್ಣನ ಮಗಳ ಕಡೆ ನೋಡಿ, "ನಿಮ್ಮ ಕಾಕಾಗ ಇನ್ನೊಂದ ರೊಟ್ಟಿ ಬೇಕೇನ ಕೇಳವಾ" ಅನ್ನುತ್ತಿದ್ದಳು. ನಾನೂ ಆ ಹುಡುಗಿಗೇ "ಸಾಕು" ಅನ್ನುತ್ತಿದ್ದೆ. ನಮ್ಮ ಸಂಸಾರದ ಮಾತೆಲ್ಲ ಇಷ್ಟೇ.

ಒಂದು ದಿನ ವೈನಿಯ ತಾಯಿ ನನ್ನ ಹೆಂಡತಿಯ ಬಗ್ಗೆ ಅಣ್ಣನ ಮುಂದೆ ಹೇಳಿದರು: "ಈ ಹುಡುಗಿ ದಿನಾ ನಳದ ಹತ್ರ ನಿಂತು ಅಳತೈತಪಾ. ಇಕಿಗೆ ಇಲ್ಲಿ ನೀರು ಒಗ್ಗವಲ್ದು. ಸೋಮವಾರ ನಾ ಊರಿಗೆ ಹೋಗೂಮುಂದ ಜೋಡಿ ಕರಕೊಂಡು ಹೊಕ್ಕೀನಿ."

ಅಣ್ಣ ಆಯಿತು ಅಂದ. ತಿರುಗಿ ಯಾವಾಗ ಬರುವುದು ಎಂದು ಯಾರೂ ಕೇಳಲಿಲ್ಲ. ನಾನು ಅಲ್ಲೇ ಕೂತಿದ್ದೆ. ಅವಳು ಒಲೆಯ ಹತ್ತಿರ ಬೆನ್ನು ಮಾಡಿ ಕೂತಿದ್ದಳು. ಅವಳು ಹೋದರೆ ಮರಳಿ ಬರುತ್ತಾಳೋ ಇಲ್ಲವೋ, ಅದನ್ನು ಅವಳ ಬಾಯಿಂದಲೇ ಕೇಳಬೇಕು ಅನ್ನಿಸಿತು. ಎಲ್ಲಿ ಕೇಳುವುದು? ನಳದ ಹತ್ತಿರ ಇಡೀ ಚಾಳೇ ಇರುತ್ತದೆ.

ನಾನು ನೆಲಕ್ಕೆ ಫರಸಿ ಕಲ್ಲು ಹಾಕುವ ಕೆಲಸದವನು. ನನ್ನ ಜೋಡಿಯಲ್ಲಿ ಫರಸಿಗೆ ಪಾಲಿಶ್ ಹೊಡೆಯುವ ಚಾಚಾ ನಮ್ಮ ವಿಜಾಪುರದ ಕಡೆಯವನೇ. ಮನೆಯಲ್ಲಿ ದಖನಿ ಮಾತು, ನನ್ನ ಜೊತೆ ಕನ್ನಡ. ಅವನಿಗೆ ಹೇಳಿದೆ.

"ಲಾಜಿಗೆ ಕರಕೊಂಡ ಹೋಗೋ ತಮ್ಮಾ," ಅಂದ. "ಸಾಹೇಬ್ರೆಲ್ಲಾ ಹೋಗೂದಿಲ್ಲೇನ? ನೀನೂ ಒಂದಿನ ನವಾಬ ಆಗು."

"ಎಂಥಾ ಲಾಜ್ ನೋಡ್ಲಿ?"

"ಸಮುದ್ರ ಕಾಣೂವಂಥಾದು ನೋಡು. ಖಿಡಕಿ ತಗದ್ರ ತಂಪನ್ನ ಹವಾ ಬರಬೇಕು. ಪಲಂಗದ ಮ್ಯಾಲ ಗುಲಾಬಿ ಪಕಳಿ. ಹಿಂದ ಮಂದಾಗಿ ರೇಡಿಯೋ..."

"ಸಮುದ್ರ ತಗೊಂಡು ಏನ್ ಮಾಡಲಿ ಚಾಚಾ? ಬಾಗಲಾ ಮುಚ್ಚತೈತೋ ಇಲ್ಲೋ ಅಷ್ಟ ಹೇಳು."

"ತೋಬಾ ತೋಬಾ! ಹೇಂತಿ ಜೋಡೀನೂ ಹಿಂಗ ಮಾತಾಡತೀಯೇನಲೇ?"

"ಮಾತಾಡಾಕ ಜಾಗಾ ಎಲ್ಲೈತಿ?"

ಚಾಚಾ ಪಾಲಿಶಿನ ಕಲ್ಲು ಕೆಳಗಿಟ್ಟ. ಆಮೇಲೆ ಸಾಂತಾಕ್ರೂಜ್ ಸ್ಟೇಶನ್ನಿನ ಹತ್ತಿರ ಒಂದು ಲಾಜು ಇದೆ ಎಂದ. ನನ್ನ ತಲೆಯಲ್ಲಿ ಬೇರೆಯೇ ಒಂದು ಇತ್ತು. ವಿಮಾನ ನಿಲ್ದಾಣದ ರಸ್ತೆಯ ದೊಡ್ಡ ಹೊಟೇಲಿನ ಮೂರನೇ ಮಾಳಿಗೆಯ ಬಾತ್‌ರೂಮುಗಳಿಗೆ ಬಿಳಿ ಟೈಲ್ಸ್ ಹಾಕಿದವರಲ್ಲಿ ನಾನೂ ಒಬ್ಬ. ಅಲ್ಲಿ ರೂಮಿನ ಬಾಗಿಲಿಗೆ ಹಿತ್ತಾಳೆಯ ಚಿಲಕ ಇತ್ತು. ಊಟದ ಬಿಡುವಿನಲ್ಲಿ ಸುಮ್ಮನೆ ಹಾಕಿ ತೆಗೆದು ನೋಡಿದ್ದೆ. ಸದ್ದೇ ಆಗುತ್ತಿರಲಿಲ್ಲ. ಅಂಥ ಚಿಲಕ ಬೇಕು ಅನ್ನಿಸಿತ್ತು.

ಶನಿವಾರ ಅರ್ಧ ದಿನ ರಜೆ ಹಾಕಿದೆ. ವಿಲೆ ಪಾರ್ಲೆಯಲ್ಲಿ ಇವಳ ಸೋದರಮಾವ ಇದ್ದಾನೆ, ಊರಿಗೆ ಹೋಗುವ ಮೊದಲು ನೋಡಿ ಬರುತ್ತೇವೆ, ನಾಳೆ ಮಧ್ಯಾಹ್ನ ಬರುತ್ತೇವೆ ಎಂದು ವೈನಿಗೆ ಹೇಳಿದೆ.

"ಯಾವ ಸೋದರಮಾವ್ರಿ? ಮದಿವ್ಯಾಗ ಕಾಣಲಿಲ್ಲಲ್ಲ ಆತ?"

"ಅವಗ ರಜಾ ಸಿಕ್ಕಿದ್ದಿಲ್ಲ."

"ಹೌದಾ?" ವೈನಿ ನಗದೆ ನನ್ನ ಮುಖ ನೋಡಿದಳು. ಬಿಸಿ ರೊಟ್ಟಿ ನಾಲ್ಕು, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ ಬಟ್ಟೆಯಲ್ಲಿ ಕಟ್ಟಿ ಚೀಲದಲ್ಲಿ ಹಾಕಿದಳು. "ಹೋಗಿ ಬರ್ರಿ. ಮಾವಗ ನನ್ನ ಶರಣು ಹೇಳ್ರಿ. ಮತ್ತ ಮಾವನ ಮನಿ ಬಾಗಲಾ ಗಟ್ಟಿ ಐತೇನ ಒಂದೀಟ ನೋಡ್ರಿ."

ಹೆಂಡತಿಯ ಮುಖ ಕೆಂಪಾಯಿತು. ನಾನು ಚಪ್ಪಲಿ ಹುಡುಕತೊಡಗಿದೆ.

ಲೋಕಲಿನಲ್ಲಾದರೂ ಜೊತೆಗೆ ಕೂರೋಣ ಎಂದುಕೊಂಡಿದ್ದೆ. ಕುರ್ಲಾದಲ್ಲಿ ಗರ್ದಿ ನೋಡಿ ಅವಳು ಲೇಡೀಸ್ ಡಬ್ಬಿಗೆ ಹೋದಳು, ನಾನು ಗಂಡಸರ ಡಬ್ಬಿಗೆ. ದಾದರಿನಲ್ಲಿ ಇಳಿದು ಬ್ರಿಜ್ಜಿನ ಮೇಲೆ ಒಬ್ಬರಿಗೊಬ್ಬರು ಹುಡುಕಾಡಿದೆವು. ಮತ್ತೆ ಸಾಂತಾಕ್ರೂಜ್ ತನಕ ಅವಳೊಂದು ಕಡೆ, ನಾನೊಂದು ಕಡೆ. ಅಷ್ಟೊತ್ತಿಗೆ ನನ್ನ ಇಸ್ತ್ರಿಯ ಶರ್ಟು ಹಿಂಡಿದ ಅರಿವೆಯಂತೆ ಆಗಿತ್ತು.

ದೊಡ್ಡ ಹೊಟೇಲಿನ ಗೇಟಿನಲ್ಲಿ ನಾನು ಕೆಲಸ ಮಾಡುವಾಗ ಇದ್ದ ಗೂರ್ಖಾನೇ ನಿಂತಿದ್ದ. ನನ್ನ ಗುರುತು ಹಿಡಿದ.

"ಅರೇ ಮಿಸ್ತ್ರಿ! ಕಾಮ್ ಪೀಛೇ ಸೇ," ಎಂದು ಹಿಂದಿನ ಗೇಟು ತೋರಿಸಿದ.

ಇವತ್ತು ಕೆಲಸಕ್ಕೆ ಬಂದಿಲ್ಲ, ಇರಲಿಕ್ಕೆ ಬಂದಿದ್ದೇನೆ ಎಂದೆ. ಅವನು ನನ್ನನ್ನು ನೋಡಿದ, ಹೆಂಡತಿಯ ಕೈಯಲ್ಲಿದ್ದ ರೊಟ್ಟಿಯ ಚೀಲ ನೋಡಿದ. ಒಳಗೆ ಬಿಟ್ಟ, ಆದರೆ ನಮ್ಮ ಹಿಂದೆಯೇ ಬಂದ. ಟೈ ಕಟ್ಟಿದವನೊಬ್ಬ ಮೇಜಿನ ಹಿಂದಿನಿಂದ, ಯಾವ ವಿಮಾನದಲ್ಲಿ ಬಂದಿರಿ ಎಂದು ಹಿಂದಿಯಲ್ಲಿ ಕೇಳಿದ. ಚೆಂಬೂರಿನಿಂದ ಲೋಕಲಿನಲ್ಲಿ ಬಂದೆವು ಎಂದೆ. ಅವನು ಬಾಡಿಗೆ ಹೇಳಿದ. ಹೆಂಡತಿ ಅದನ್ನು ಕೇಳಿ ನನಗಿಂತ ಮೊದಲೇ ಹೊರಗೆ ನಡೆದಳು.

ರಸ್ತೆಗೆ ಬಂದ ಮೇಲೆ ಕಟ್ಟಡದ ಕಡೆ ಕತ್ತೆತ್ತಿ ಕೇಳಿದಳು: "ಇದರಾಗ ನೀವ್ ಹಾಕಿದ ಫರಸಿ ಎಲ್ಲೈತ್ರಿ?"

"ಮ್ಯಾಲ. ಸಂಡಾಸದಾಗ."

ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗುವಂಥದ್ದೇನಿದೆ ಎಂದು ನನಗೆ ಸಿಟ್ಟು ಬಂತು.

ಚಾಚಾ ಹೇಳಿದ್ದ ಲಾಜು ಸ್ಟೇಶನ್ನಿನ ಹತ್ತಿರ ಒಂದು ಚಹಾದಂಗಡಿಯ ಮೇಲಿತ್ತು. ಮ್ಯಾನೇಜರನ ಬಾಯಿ ತುಂಬ ಪಾನು. ರೂಮು ತೋರಿಸಲು ಮೇಲೆ ಕರೆದುಕೊಂಡು ಹೋದ. ನಾನು ಸೀದಾ ಬಾಗಿಲ ಹತ್ತಿರ ನಿಂತು ಚಿಲಕ ಹಾಕಿದೆ, ತೆಗೆದೆ, ಇನ್ನೊಮ್ಮೆ ಹಾಕಿ ಜಗ್ಗಿ ನೋಡಿದೆ. ಗಟ್ಟಿ ಇತ್ತು.

"ಲೋಗ್ ಪಲಂಗ್ ದೇಖತೇ, ಪಂಖಾ ದೇಖತೇ," ಅಂದ ಮ್ಯಾನೇಜರ್. "ತೂ ಕಡೀ ಕ್ಯೂಂ ದೇಖತಾ ಹೈ?" ಮಂದಿ ಮಂಚ, ಫ್ಯಾನು ನೋಡಿದರೆ ನೀನು ಚಿಲಕ ಯಾಕೆ ನೋಡುತ್ತೀ ಎಂದು.

ರೂಮು ಒಪ್ಪಿಗೆಯಾಯಿತು ಎಂದೆ. ಅವನಿಗೆ ನಾವು ಒಪ್ಪಿಗೆಯಾಗಲಿಲ್ಲ. ಮದುವೆಯಾಗಿದೆಯಾ ಎಂದು ಕೇಳಿದ. ತಾಳಿ ತೋರಿಸಿದರೆ, ಅದು ಬಜಾರಿನಲ್ಲಿ ಯಾರಿಗೂ ಸಿಗುತ್ತದೆ ಎಂದ. ಆಮೇಲೆ ಕಿಟಕಿಯಿಂದ ಪಾನು ಉಗುಳಿ, ನನ್ನ ಹೆಸರು ಕೇಳಿಕೊಂಡ. ನನ್ನನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿ, ಮೇಲೆ ಅವಳನ್ನು ಗಂಡನ ಹೆಸರು ಕೇಳಿದ: "ತೇರೇ ಆದ್ಮೀ ಕಾ ನಾಮ್ ಬೋಲ್."

ಅವಳು ಬಾಯಿ ತೆರೆಯಲಿಲ್ಲ.

ಅವನು ಮತ್ತೆ ಕೇಳಿದ. ನಾನು ಕೆಳಗಿನಿಂದಲೇ "ಹೇಳ ಒಮ್ಮಿ!" ಎಂದು ಕೂಗಿದೆ. ಅವಳು ಸೆರಗು ಮುಂದಕ್ಕೆ ಎಳೆದುಕೊಂಡು ನೆಲ ನೋಡುತ್ತ ನಿಂತಳು. ಗಂಡನ ಹೆಸರು ಬಾಯಲ್ಲಿ ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮ ಕಡೆ ಹೆಣ್ಣುಮಕ್ಕಳಿಗೆ ಚಿಕ್ಕಂದಿನಿಂದ ಹೇಳಿರುತ್ತಾರೆ. ಆ ಪಾನಿನವನಿಗೆ ಇದನ್ನು ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಓಡಿಸಿಕೊಂಡು ಬಂದವರೆಲ್ಲ ಹೀಗೇ ಏನಾದರೂ ಹೇಳುತ್ತಾರೆ, ನನಗೆ ಪೋಲೀಸರ ಲಫಡಾ ಬೇಡ ಎಂದು ಇಳಿಸಿಬಿಟ್ಟ.

ಅಲ್ಲಿಂದ ವಿಲೆ ಪಾರ್ಲೆಯ ಕಡೆ ನಡೆದೆವು. ಅಲ್ಲೊಂದು ಲಾಜು ಇರಬಹುದು ಎಂದು ಚಹಾದಂಗಡಿಯವನು ಹೇಳಿದ್ದ. ನಾನು ಮುಂದೆ, ಅವಳು ಹಿಂದೆ.

"ಬಾಯಾಗ ಏನ್ ತುರಕಿಕೊಂಡಿದ್ದಿ?" ಎಂದೆ ತಿರುಗಿ. "ಒಂದ ಹೆಸರ ಹೇಳಾಕ ಏನ್ ಧಾಡಿ ಆಗಿತ್ತು?"

"ನಿಮಗೇನರ ಆದ್ರ ಯಾರ ಹೊಣಿ?"

"ಹೆಸರ ಹೇಳಿದ್ರ ಸಾಯತಾರೇನ? ಕೆಲಸದಾಗ ಮುಕಾದಮ ದಿನಾ ನೂರ ಸಲ ಹೆಸರ ಹಿಡದ ಒದರತಾನ. ಸತ್ತೀನೇನ ನಾ?"

"ಮುಕಾದಮ ನಿಮ್ಮ ಹೇಂತೇನ್ರಿ?"

ನಾನು ಜೋರಾಗಿ ಹೆಜ್ಜೆ ಹಾಕಿದೆ. ಅವಳೇ ಮುಂದುವರಿಸಿದಳು.

"ನೀವರ ಆ ಚಿಲಕಾ ಯಾಕ ಹಿಡಕೊಂಡ ನಿಂತ್ರಿ? ಅದನ್ನ ನೋಡೇ ಅವಗ ಸಂಶೇ ಬಂದದ್ದು. ಯಾರದೋ ಮನಿ ಒಡ್ಯಾಕ ಬಂದೋರಂಗ ಜಗ್ಗಿ ಜಗ್ಗಿ ನೋಡತೀರಿ. ನನಗ ನಾಚಿಕಿ ಬಂತು. ಒಂದ ಕಪ್ಪ ಚಾ ಕುಡಿ ಅಂದ್ರಿಲ್ಲ, ಕಾಲ ನೋಯತಾವೇನ ಅಂತ ಕೇಳಲಿಲ್ಲ. ಹೊಂಟಾಗಿಂದ ಬಾಗಲಾ, ಬಾಗಲಾ, ಬಾಗಲಾ."

"ನಿನ್ನ ಸಲುವಾಗೇ ಅಲ್ಲೇನ ಬಂದದ್ದು?"

"ನನ್ನ ಸಲುವಾಗಿ ಅಂತ ನನಗ ಯಾವಾಗ ಹೇಳಿದ್ರಿ?"

ದನಿ ಏರಿರಬೇಕು. ಫುಟ್‌ಪಾತಿನಲ್ಲಿ ಶೇಂಗಾ ಹುರಿಯುತ್ತಿದ್ದವನು, ಜಗಳ ಮನೆಯಲ್ಲಿ ಮಾಡಿ ಭಾಯಿ ಎಂದ. ಮನೆ ಇದ್ದಿದ್ದರೆ ಇಲ್ಲಿಗೆ ಯಾಕೆ ಬರುತ್ತಿದ್ದೆವು ಎಂದು ಅವನ ಮೇಲೂ ಹರಿಹಾಯ್ದೆ. ಅವನು ಹೆದರಿ ಒಂದು ಹಿಡಿ ಶೇಂಗಾ ಕೊಡಲು ಬಂದ. ಅವಳು ತೆಗೆದುಕೊಂಡಳು, ನಾನು ತೆಗೆದುಕೊಳ್ಳಲಿಲ್ಲ. ಅವಳು ಶೇಂಗಾ ತಿನ್ನುತ್ತ, ಏನೋ ಗುನುಗುತ್ತ ಹಿಂದೆ ಬರುತ್ತಿದ್ದಳು. ಇಷ್ಟು ಮಾತು ಅವಳು ನನ್ನ ಜೊತೆ ಅದೇ ಮೊದಲು ಆಡಿದ್ದು. ಆಗ ನನಗೆ ಅದೂ ತಿಳಿಯಲಿಲ್ಲ. ಹೊತ್ತು ಇಳಿಯುತ್ತಿದೆ ಎನ್ನುವುದೊಂದೇ ತಲೆಯಲ್ಲಿತ್ತು.

ವಿಲೆ ಪಾರ್ಲೆಯ ಲಾಜು ಎಂದರೆ ಒಂದು ಗಲ್ಲಿಯೊಳಗಿನ ಹಳೆಯ ಮನೆ. ಅದರ ಮಾಳಿಗೆಯ ರೂಮುಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಒಡತಿ ವಯಸ್ಸಾದ ಮರಾಠಿ ಹೆಂಗಸು. ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಒಳಗಿನ ಮೇಜಿನಲ್ಲಿ ಮ್ಯಾನೇಜರ್. ನಾವು ಮಾತಾಡುತ್ತ ಬಂದದ್ದು ಅವನ ಕಿವಿಗೆ ಬಿದ್ದಿತ್ತು.

"ಕನ್ನಡದವರಾ? ಬನ್ನಿ ಬನ್ನಿ. ಊರು ಯಾವುದು?"

"ವಿಜಾಪುರ ಜಿಲ್ಲಾರಿ."

"ನಮ್ಮದು ಉಡುಪಿ ಹತ್ರ. ರೂಮು ಉಂಟು, ಒಳ್ಳೆ ಗಾಳಿ ಬೆಳಕು ಎಲ್ಲ ಉಂಟು."

ನನಗೆ ಜೀವ ಬಂತು. ನಮ್ಮ ಮಾತು ತಿಳಿಯುವವನು. ಹೆಸರು, ಊರು ಹೇಳಿದೆ. ಅವನು ನಮ್ಮಿಬ್ಬರನ್ನೂ ಮೇಲೆ ಕೆಳಗೆ ನೋಡಿದ.

"ಬೇಜಾರು ಮಾಡ್ಬೇಡಿ. ಗಂಡ ಹೆಂಡತಿ ಅಂತ ಗ್ಯಾರಂಟಿ ಏನು?"

"ಏನ್ ಗ್ಯಾರಂಟಿ ಕೊಡಲ್ರಿ? ಅಕ್ಕಿಕಾಳ ಇನ್ನೂ ತಲ್ಯಾಗ ಕುಂತಿರತಾವೇನ?"

"ಕೋಪ ಎಂತಕ್ಕೆ ಮಾರಾಯ್ರೆ? ಹೋದ ತಿಂಗಳು ಒಂದು ಜೋಡಿ ಬಂದು, ಹುಡುಗಿಯ ಅಪ್ಪ ಹಿಂದೆಯೇ ಬಂದು, ದೊಡ್ಡ ಗಲಾಟೆ ಆಯ್ತು. ಅಮ್ಮಾ, ನೀವು ಹೇಳಿ. ಇವರ ಹೆಸರೆಂತದ್ದು?"

ಮತ್ತೆ ಅದೇ. ಅವಳು ತಲೆ ಬಗ್ಗಿಸಿದಳು. ನನಗೆ ಸಾಕಾಗಿತ್ತು. "ನಡಿ, ಚೆಂಬೂರಿಗೆ ಹೋಗೂನು," ಎಂದು ಚೀಲ ಕಿತ್ತುಕೊಂಡೆ.

ಒಡತಿ ಬಾಗಿಲಲ್ಲಿ ಕೂತಿದ್ದರಿಂದ ನಾವು ಹೊರಗೆ ಹೋಗಲು ಅವಳು ಏಳಬೇಕಿತ್ತು. ಅವಳು ಏಳಲಿಲ್ಲ. ಏನಾಯಿತು ಎಂದು ಮ್ಯಾನೇಜರನನ್ನು ಕೇಳಿದಳು. ಹುಡುಗಿ ಗಂಡನ ಹೆಸರು ಹೇಳುತ್ತಿಲ್ಲ ಎಂದು ಅವನು ಮರಾಠಿಯಲ್ಲಿ ಹೇಳಿದ. ಒಡತಿಗೆ ನಗು ಬಂತು. ಹಾಗೆ ಕೇಳಿದರೆ ಯಾವ ಹುಡುಗಿ ಹೇಳುತ್ತಾಳೆ ಎಂದು ಅವನನ್ನೇ ಬೈದಳು. ಆಮೇಲೆ ಕಾಲನ್ನು ಹೊಸ್ತಿಲ ಮೇಲೆ ಅಡ್ಡ ಚಾಚಿ, ನನ್ನ ಹೆಂಡತಿಯ ಕಡೆ ಬೆರಳು ಮಾಡಿ, "ನಾವ್ ಘೇ, ಪೋರೀ. ನಾವ್ ಘೇತಲ್ಯಾಶಿವಾಯ್ ಸೋಡಣಾರ್ ನಾಹೀ," ಎಂದಳು. ಹೆಸರು ಹೇಳು, ಹೇಳುವ ತನಕ ಬಿಡುವುದಿಲ್ಲ ಎಂದು.

ನಮ್ಮಲ್ಲಿಯೂ ಹಾಗೇ. ಮದುಮಗಳು ಮನೆಗೆ ಬಂದಾಗ ಹೆಂಗಸರು ಬಾಗಿಲು ಅಡ್ಡಗಟ್ಟುತ್ತಾರೆ. ಗಂಡನ ಹೆಸರನ್ನು ಒಡಪಿನಲ್ಲಿ ಸೇರಿಸಿ ಹೇಳಿದರೇ ಒಳಗೆ ಬಿಡುತ್ತಾರೆ. ಬರೀ ಹೆಸರು ಹೇಳಬಾರದು, ಒಡಪು ಕಟ್ಟಿ ಹೇಳಿದರೆ ದೋಷವಿಲ್ಲ. ಎರಡು ಲಾಜು ಸುತ್ತಿದರೂ ಇದು ನನಗೆ ಹೊಳೆದಿರಲಿಲ್ಲ. ಅವಳಿಗೆ ಹೊಳೆದಿತ್ತೋ ಏನೋ. ಪಾನು ಜಗಿಯುವ ಗಂಡಸಿನ ಮುಂದೆ ಯಾರಾದರೂ ಒಡಪು ಹೇಳುತ್ತಾರೆಯೇ?

ಅವಳು ಸೆರಗು ಸರಿಮಾಡಿಕೊಂಡಳು. ಮದುವೆಯ ದಿನ ಎಲ್ಲರೂ ಹೇಳುವ ಹಾಲು ಸಕ್ಕರೆಯ ಒಡಪು ಹೇಳಿದ್ದಳು. ಈಗಲೂ ಅದನ್ನೇ ಹೇಳುತ್ತಾಳೆ ಎಂದುಕೊಂಡೆ. ನೆಲದಿಂದ ಕಣ್ಣು ಎತ್ತದೆ ಶುರುಮಾಡಿದಳು:

"ಊರಿಗೆಲ್ಲಾ ಫರಸಿ ಹಾಸ್ಯಾರ, ತಮಗ ಕುಂಡ್ರಾಕ ಜಾಗಾ ಇಲ್ಲ,
ಚಿಲಕದ ಮ್ಯಾಲ ಜೀಂವ ಇಟ್ಟಾರ, ಹೇಂತಿ ಮ್ಯಾಲ ಲಕ್ಷ ಇಲ್ಲ,
ಸಿಟ್ಟ ಮೂಗಿನ ತುದಿಗೈತಿ, ಇಂಥವರ ಬಿಟ್ರ ನನಗ ಯಾರೂ ಇಲ್ಲ."

'ಇಂಥವರು' ಎಂದು ನಾನು ಬರೆದಲ್ಲಿ ಅವಳು ನನ್ನ ಹೆಸರು ಹೇಳಿದಳು, ಮುಂದೆ 'ರಾಯರು' ಸೇರಿಸಿ. ರಸ್ತೆಯಲ್ಲಿ ಗುನುಗುತ್ತಿದ್ದದ್ದು ಇದೇ ಇರಬೇಕು. ಮ್ಯಾನೇಜರ್ ಮೇಜು ಬಡಿದು ನಕ್ಕ. "ಗ್ಯಾರಂಟಿ! ಹೀಗೆ ಬೈಯುವುದು ಹೆಂಡತಿಯೇ ಮಾರಾಯ್ರೆ!" ಎಂದ. ಒಡತಿಗೆ ಕನ್ನಡ ಬಾರದು, ಆದರೆ ಹೆಸರು ಕೇಳಿಸಿತ್ತು. ಕಾಲು ತೆಗೆದು, ರೂಮಿನ ಕೀಲಿ ಕೊಡು ಎಂದು ಅವನಿಗೆ ಸನ್ನೆ ಮಾಡಿದಳು. ನಾನೊಬ್ಬನೇ ನಗಲಿಲ್ಲ.

ರೂಮು ಮಾಳಿಗೆಯ ಮೂಲೆಯಲ್ಲಿತ್ತು. ಮಂಚ, ಕನ್ನಡಿ, ಒಂದು ಕಿಟಕಿ. ಒಳಗೆ ಹೋಗಿ ಬಾಗಿಲು ಮುಚ್ಚಿದೆ. ಮೇಲಿನ ಚಿಲಕ ಮುರಿದಿತ್ತು. ಕೆಳಗಿನದನ್ನು ಇಳಿಸಿದೆ. ಅದು ಟೈಲ್ಸಿಗೆ ಬಡಿದು ನಿಂತಿತು. ಹೊಸದಾಗಿ ನೆಲ ಹಾಕಿಸಿದ್ದರು. ಹಾಕಿದ ಮಿಸ್ತ್ರಿ ಚಿಲಕ ಇಳಿಯಲು ತೂತು ಬಿಡದೆ ಅಂಚಿನ ತನಕ ಟೈಲ್ಸ್ ಕೂರಿಸಿ ಹೋಗಿದ್ದ. ಮೊಣಕಾಲೂರಿ ಕೂತು ಅವನ ಏಳು ತಲೆಮಾರಿನವರನ್ನು ಬೈದೆ.

"ಮತ್ತ ಚಿಲಕಾ ಹಿಡದ್ರಿ?" ಅಂದಳು ಹೆಂಡತಿ ಮಂಚದ ಮೇಲಿನಿಂದ.

ಮೆಟ್ಟಿಲ ಹತ್ತಿರ ಹೋಗಿ ಮ್ಯಾನೇಜರನನ್ನು ಕೂಗಿದೆ. "ಅದು ಹಾಗೇ ಮಾರಾಯ್ರೆ, ಮೇಲೆ ಯಾರೂ ಬರುವುದಿಲ್ಲ," ಎಂದ. ಮಂಚ ಎಳೆದು ಅಡ್ಡ ಇಡೋಣವೆಂದರೆ ಅದರ ಕಾಲುಗಳನ್ನು ಗೋಡೆಗೆ ಕಬ್ಬಿಣದ ಪಟ್ಟಿ ಹಾಕಿ ಕೂರಿಸಿದ್ದರು. ಕಳ್ಳರ ಕಾಟವಂತೆ. ಬಾಗಿಲು ತಾನಾಗಿಯೇ ಕಿರ್ರೆಂದು ತೆರೆದುಕೊಳ್ಳುತ್ತಿತ್ತು. ಅಳು ಬರುವಷ್ಟು ಸಿಟ್ಟು ಬಂದು ಬಾಗಿಲಿಗೆ ಬೆನ್ನು ಒತ್ತಿ ನೆಲದ ಮೇಲೆ ಕೂತುಬಿಟ್ಟೆ. ಬಾಗಿಲು ಮುಚ್ಚಿತು.

ಅವಳು ಮಂಚದಿಂದ ಇಳಿದಳು. ಆಮೇಲೆ ರೊಟ್ಟಿಯ ಚೀಲ ಹಿಡಿದು ಬಂದು ಅವಳೂ ಬಾಗಿಲಿಗೆ ಬೆನ್ನು ಕೊಟ್ಟು ಪಕ್ಕದಲ್ಲಿ ಕೂತಳು. ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆದಳು. ಮೊದಲ ಸಲ ಜೊತೆಗೆ ಕೂತು ಉಂಡೆವು. ಕಿಟಕಿಯಲ್ಲಿ ಸಂಜೆಯ ಬಿಸಿಲು ಇನ್ನೂ ಇತ್ತು. ವಿಮಾನವೊಂದು ಹೆಂಚು ಅದುರುವಂತೆ ಮೇಲೆ ಹೋಯಿತು.

ನಾನು ಸುತ್ತಿ ಬಳಸಿ ಕೇಳಲಿಲ್ಲ. "ಸೋಮವಾರ ಹೊಂಟಿ. ತಿರುಗಿ ಬರ್ತೀಯೋ ಇಲ್ಲೋ?"

"ಯಾಕ್ರಿ?"

"ನಳದ ಹತ್ರ ದಿನಾ ಅಳತಿ ಅಂತಲ್ಲ. ಊರ ನೆನಪಾಗತೈತೇನ?"

"ಊರ ನೆನಪಾಗಿ ಅಲ್ರಿ." ರೊಟ್ಟಿಯ ತುಂಡನ್ನು ಚಟ್ನಿಯಲ್ಲಿ ಒತ್ತುತ್ತ ಇದ್ದಳು. "ಮನ್ಯಾಗ ಅತ್ರ ಎಲ್ಲಾರೂ ನೋಡತಾರ. ನಳದ ಹತ್ರ ನೀರಿನ ಸಪ್ಪಳ ಇರತೈತಿ ಅಂತ ಅಲ್ಲಿ ಅಳತಿದ್ದೆ. ಅಲ್ಲೂ ನೋಡಿಬಿಟ್ರು. ಅಳಾಕರ ಒಂದ ಬಾಗಲಾ ಬೇಕಲ್ರಿ."

ಹೊರಟಾಗಿನಿಂದ ನಾನು ಬಾಗಿಲು ಬಾಗಿಲು ಎಂದದ್ದಕ್ಕೆ ಬೈದವಳು ಇವಳೇ.

"ಮತ್ತ?"

"ಮತ್ತೇನ? ಬಾಗಲಾ ಇರೂ ಖೋಲಿ ಮಾಡ್ರಿ. ಸಣ್ಣದಿದ್ರೂ ನಡೀತೈತಿ. ಹೇಳಿ ಕಳಸ್ರಿ, ಅದ ದಿನಾ ಬರ್ತೀನಿ. ಆ ಖೋಲಿಗೆ ಮಾತ್ರ ಬರೂದಿಲ್ಲ."

"ಮುಂಬಯಿದಾಗ ಖೋಲಿ ಗಿಡದಾಗ ಬಿಡತಾವೇನ? ಡಿಪಾಜಿಟ್ ಎಲ್ಲಿಂದ ತರ್ಲಿ?"

"ಅದನ್ನ ನನಗ ಕೇಳಿದ್ರ?"

ತಿಂಗಳೊಪ್ಪತ್ತಿನಲ್ಲಿ ಬರುತ್ತೇನೆ ಅನ್ನುತ್ತಾಳೆ ಎಂದುಕೊಂಡು ನಾನು ಇಷ್ಟೆಲ್ಲ ಅಲೆದದ್ದು. ಬಾಯಿಗೆ ಬಂದದ್ದನ್ನು ಹೇಳಲು ಹೊರಟೆ. ಅಷ್ಟರಲ್ಲಿ ಬೆನ್ನಿನ ಮೇಲೆಯೇ ಬಡಿದ ಹಾಗೆ ಯಾರೋ ಬಾಗಿಲು ಬಡಿದರು.

"ನೀರು ತಂದಿದ್ದೇನೆ, ತೆಗೀರಿ," ಮ್ಯಾನೇಜರನ ದನಿ.

"ಅಲ್ಲೇ ಇಡ್ರಿ!" ಇಬ್ಬರೂ ಒಟ್ಟಿಗೇ ಕೂಗಿದೆವು. ಅವಳಿಗೆ ನಗು ತಡೆಯಲಾಗಲಿಲ್ಲ. ಅವಳ ನಗುವಿಗೆ ಬಾಗಿಲು ಅಲುಗುವುದು ನನ್ನ ಬೆನ್ನಿಗೆ ತಿಳಿಯುತ್ತಿತ್ತು.

ಸೋಮವಾರ ಅವಳು ಹೋದಳು. ಖೋಲಿ ಹುಡುಕಿದ್ದರ ಕತೆ ಬೇಡ. ಲಾಜು ಹುಡುಕಿದ್ದು ಅದರ ಮುಂದೆ ಏನೂ ಅಲ್ಲ. ಹೇಳಿದ ಹೊತ್ತಿಗೆ ಖೋಲಿಯ ಮಾಲಕರು ಇರುತ್ತಿರಲಿಲ್ಲ, ಇದ್ದರೆ ಲಗ್ನವಾಗಿದೆಯಾ, ಹೆಂಡತಿ ಎಲ್ಲಿ ಎಂದು ಕೇಳುತ್ತಿದ್ದರು. ಖೋಲಿ ಇಲ್ಲದೆ ಅವಳು ಬರುವುದಿಲ್ಲ, ಅವಳು ಇಲ್ಲದೆ ಇವರು ಖೋಲಿ ಕೊಡುವುದಿಲ್ಲ. ಮಳೆಗಾಲ ಕಳೆದು ಇನ್ನೊಂದು ಮಳೆಗಾಲ ಬಂದ ಮೇಲೆ ಚೆಂಬೂರಿನಲ್ಲೇ, ರಿಫೈನರಿಯ ವಾಸನೆ ಬರುವ ಕಡೆ, ತಗಡು ಹೊದಿಸಿದ ಒಂದು ಸಣ್ಣ ಖೋಲಿ ಸಿಕ್ಕಿತು. ನೆಲಕ್ಕೆ ಫರಸಿ ಇರಲಿಲ್ಲ. ಮೊದಲು ಬಾಗಿಲಿಗೆ ಹೊಸ ಚಿಲಕ ಜಡಿದೆ.

ಹೇಳಿ ಕಳಿಸಿದೆ. ಅವಳು ಗಂಟು ಹೊತ್ತುಕೊಂಡು ಬಂದಳು. ಹೊಸ್ತಿಲ ಹೊರಗೇ ನಿಂತು, "ನೀವ್ ಒಳಗ ಹೋಗಿ ಚಿಲಕಾ ಹಾಕ್ರಿ, ನೋಡತೀನಿ," ಅಂದಳು.

ಹಾಕಿದೆ. ಅವಳು ಹೊರಗಿನಿಂದ ಕೈಯಿಂದ ನೂಕಿದಳು, ಆಮೇಲೆ ಭುಜ ಕೊಟ್ಟು ನೂಕಿದಳು. ಬಾಗಿಲು ಜಪ್ಪಯ್ಯ ಅನ್ನಲಿಲ್ಲ.

"ಗಟ್ಟಿ ಐತಿ. ತೆಗೀರಿ ಇನ್ನ."

"ಹೆಸರ ಹೇಳು, ತೆಗಿತೀನಿ."

"ಒಡಪಿಲ್ಲ ಗಿಡಪಿಲ್ಲ, ಮೊದಲ ತೆಗೀರಿ. ಗಂಟ ಹೊತ್ತು ಕೈ ಸೋತಾವು."